ಕಂಬಳಿಯೋ, ತುಪ್ಪುಳವೋ?

ಮಕ್ಕಳೇ, ಕಳೆದ ವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ. ಬೆಂಗಳೂರಿನಲ್ಲಿ ಓದುವ ಮೊಮ್ಮಗಳು ಹಿಮಾಲಯದಲ್ಲಿ ಹತ್ತು ದಿನ ನಡೆಯಲು ಹೊರಟಿದ್ದಾಳೆ. ಅವಳಿಗೆ ತುಪ್ಪುಳ ತುಂಬಿದ ಸ್ಲೀಪಿಂಗ್ ಬ್ಯಾಗ್ ಬೇಕಂತೆ. ಅವಳ ಅಜ್ಜಿ ಟ್ರಂಕಿನಿಂದ ಕರಿ ಕಂಬಳಿ ತೆಗೆದು, "ಇದಕ್ಕಿಂತ ಬೆಚ್ಚಗಿರೋದು ಯಾವುದಿದೆ?" ಎಂದಳು. ಮೊಮ್ಮಗಳು ತೂಕ ಹಾಕಿದಳು. ಎರಡೂವರೆ ಕಿಲೋ! ತೀರ್ಪು ನನ್ನ ಪಾಲಿಗೆ ಬಂತು.

ನನಗೆ ಹಳೆಯದೊಂದು ರಾತ್ರಿ ನೆನಪಾಯಿತು. ಬ್ಯಾಂಕಿಗೆ ಸೇರಿದ ಹೊಸದು. ದೀಪಾವಳಿಗೆ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದೆ. ಹೆಗಲ ಮೇಲೆ ಹತ್ತಿಬಟ್ಟೆಯ ಕೌದಿ. ನಮ್ಮ ಕಡೆ ಹಿಂಗಾರು ಮಳೆ ಸುರಿಯುವುದೇ ಆ ಕಾಲದಲ್ಲಿ ಎಂಬುದನ್ನು ಮರೆತಿದ್ದೆ. ಹನೂರು ದಾಟಿ ಕೌದಳ್ಳಿ ತಲುಪುವಷ್ಟರಲ್ಲಿ ಕೌದಿ ನೀರು ಕುಡಿದು ಕಲ್ಲಾಗಿತ್ತು. ರಾತ್ರಿ ಒಂದು ಜಗುಲಿಯ ಮೇಲೆ ಹಲ್ಲು ಕಟಕಟ ಎನ್ನುತ್ತಿತ್ತು. ಪಕ್ಕದಲ್ಲಿ ಮಲಗಿದ್ದ ಅಜ್ಜನೊಬ್ಬರು "ಇತ್ತಗ್ ಬಾ ಮಗ" ಎಂದು ತಮ್ಮ ಕಂಬಳಿಯ ಅರ್ಧವನ್ನು ನನ್ನ ಮೇಲೆಳೆದರು. ಅದೂ ನೆನೆದಿತ್ತು. ಆದರೂ ಬೆಚ್ಚಗಿತ್ತು!

ಇದರ ಗುಟ್ಟೇನು? ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಬಾತುಕೋಳಿಯ ಗರಿಗಳ ಅಡಿಯಲ್ಲಿರುವ ಮೃದು ತುಪ್ಪುಳ ಈ ಕೆಲಸದಲ್ಲಿ ಬಲು ಜಾಣ. ಚೀಲದ ಮೇಲೆ '800' ಎಂದಿದ್ದರೆ, ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳ ಅರಳಿ 800 ಘನ ಅಂಗುಲ ಜಾಗ ತುಂಬುತ್ತದೆ ಎಂದರ್ಥ. ಆ ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ತೂಕಕ್ಕೆ ಹೆಚ್ಚು ಬೆಚ್ಚಗೆ, ಬೆಲೆಯೂ ಹೆಚ್ಚು. ಆದರೆ ನೆನೆದರೆ ತುಪ್ಪುಳ ಮುದ್ದೆಯಾಗುತ್ತದೆ, ಗಾಳಿಗೆ ಜಾಗವಿಲ್ಲ. ಉಣ್ಣೆ ಅಷ್ಟು ಬೇಗ ಸೋಲುವುದಿಲ್ಲ.

ಹಾಗಾಗಿ ಮೊಮ್ಮಗಳಿಗೆ ನಾಲ್ಕು ಮಾತು ಹೇಳಿದೆ. ಚೀಲದ ಮೇಲೆ ಎರಡು ಉಷ್ಣಾಂಶ ಬರೆದಿದ್ದರೆ 'ಕಂಫರ್ಟ್' ಎಂಬುದನ್ನೇ ನಂಬು. 'ಲಿಮಿಟ್' ಎಂಬುದು ಮುದುರಿಕೊಂಡು ಹೇಗೋ ರಾತ್ರಿ ಕಳೆಯುವ ಲೆಕ್ಕ. ಮೈಭಾರಕ್ಕೆ ಕೆಳಗಿನ ತುಪ್ಪುಳ ಅಪ್ಪಚ್ಚಿಯಾಗುತ್ತದೆ, ಆದ್ದರಿಂದ ಅಡಿಗೆ ಚಾಪೆ ಬೇಕೇ ಬೇಕು. ನಡೆಯುವಾಗ ನೀರಿಳಿಯದ ಚೀಲದೊಳಗಿಡು. ಮನೆಗೆ ಬಂದ ಮೇಲೆ ಒತ್ತಿ ಕಟ್ಟಿಡದೆ ಸಡಿಲವಾಗಿ ತೂಗುಹಾಕು.

ಹಿಮಾಲಯಕ್ಕೆ ಕಿಲೋ ತೂಗದ ತುಪ್ಪುಳದ ಚೀಲವೇ ಸರಿ ಎಂದು ತೀರ್ಪಿತ್ತೆ. ಅಜ್ಜಿಯ ಮುಖ ಸಣ್ಣದಾಯಿತು. ಆಗ ಮೊಮ್ಮಗಳೇ, "ಚೀಲದೊಳಗೆ ಹಾಕಲು ತೆಳು ರೇಷ್ಮೆ ಗವುಸು ಬೇಕಜ್ಜಿ. ಬೆವರು, ಎಣ್ಣೆ ತಾಗಿ ತುಪ್ಪುಳ ಕೆಡುವುದಿಲ್ಲ. ಗವುಸನ್ನಷ್ಟೇ ಒಗೆದರಾಯಿತು" ಎಂದಳು. ರೇಷ್ಮೆಯ ಊರಾದ ಕೊಳ್ಳೇಗಾಲದಲ್ಲಿ ಅದಕ್ಕೇನು ಬರ? ಅಜ್ಜಿ ತನ್ನ ಹಳೆಯ ಸೀರೆಯೊಂದನ್ನು ಮಡಿಸಿ ಹೊಲಿಯಲು ಕುಳಿತಳು.

ಕಂಬಳಿ ಮತ್ತೆ ಟ್ರಂಕಿಗೆ ಹೋಗಲಿಲ್ಲ. ಈ ದೀಪಾವಳಿಗೆ ಅದು ನನ್ನ ಹೆಗಲಿಗೆ. ತಾಳುಬೆಟ್ಟದವರೆಗೆ ಬಸ್ಸು, ಅಲ್ಲಿಂದ ನಡಿಗೆ. ಸ್ಲೀಪಿಂಗ್ ಬ್ಯಾಗಿನಲ್ಲಿ ಒಬ್ಬರಿಗಷ್ಟೇ ಜಾಗ. ದಾರಿಯಲ್ಲಿ ಯಾವನಾದರೂ ಹುಡುಗ ನಡುಗುತ್ತಿದ್ದರೆ ಅರ್ಧ ಕೊಡಬೇಕಲ್ಲ! ಆ ಅಜ್ಜನ ಸಾಲ ಇನ್ನೂ ನನ್ನ ಲೆಕ್ಕದಲ್ಲಿದೆ.