ಚಿತ್ರಪುಸ್ತಕಗಳಲ್ಲಿ ತುಂಬಿದ ಮನೆ

ಮಕ್ಕಳ ಚಿತ್ರಪುಸ್ತಕಗಳಲ್ಲಿ ಮನೆಯೆಂದರೆ ತಾಯಿ, ತಂದೆ, ಒಬ್ಬ ಮಗ, ಒಬ್ಬಳು ಮಗಳು, ಇಷ್ಟೇ ಎಂಬುದು ಈಗ ಹೆಚ್ಚುಕಡಮೆ ಸಿದ್ಧಾಂತವೇ ಆಗಿಹೋಗಿರುವುದು. ಅಜ್ಜಿಯೊಬ್ಬಳು ಕಥೆ ಹೇಳುವುದಕ್ಕಾಗಿ ಒಂದು ಪುಟದಲ್ಲಿ ಬಂದು ಮರುಪುಟದಲ್ಲಿ ಮಾಯವಾಗುವಳು. ಸೋದರಮಾವನು ಬೇಸಗೆಯ ರಜದಲ್ಲಿ ಮಾವಿನಹಣ್ಣಿನ ಬುಟ್ಟಿಯೊಡನೆ ಬಂದು ಹೊರಟುಹೋಗುವನು. ಉಳಿದ ನಂಟರಿಗೆ ಅಲ್ಲಿ ಎಡೆಯಿಲ್ಲ. ಇದೇಕೆ ಹೀಗೆಂದು ಕೇಳಿದರೆ, ಮಗುವು ತನ್ನ ಮನೆಯನ್ನೇ ಪುಸ್ತಕದಲ್ಲಿ ಕಾಣಬೇಕು, ಇಂದಿನ ಮನೆ ಚಿಕ್ಕದು, ಆದುದರಿಂದ ಚಿತ್ರವೂ ಚಿಕ್ಕದಾಗಿರತಕ್ಕದ್ದು ಎಂದು ಶಿಕ್ಷಣಜ್ಞರು ಉತ್ತರಕೊಡುವರು. ಈ ಉತ್ತರವು ಕಿವಿಗೆ ಹಿತವಾಗಿರುವುದು, ವಿಚಾರಕ್ಕೆ ನಿಲ್ಲುವುದಿಲ್ಲ. ಮಗುವಿನ ಮನೆಯಲ್ಲಿ ಆನೆಯೂ ಇಲ್ಲ, ಹುಲಿಯೂ ಇಲ್ಲ. ಆದರೂ ಪುಸ್ತಕದೊಳಕ್ಕೆ ಆನೆ ಹುಲಿಗಳಿಗಿರುವ ಪ್ರವೇಶವು ದೊಡ್ಡಮ್ಮನಿಗೆ ಏತಕ್ಕಿಲ್ಲ?

ನಾಲ್ಕು ಮುಖಗಳ ಈ ಮನೆಯು ಮಕ್ಕಳ ಸಾಹಿತ್ಯದಲ್ಲಿ ಹುಟ್ಟಿದುದಲ್ಲ. ಸರ್ಕಾರದ ಕುಟುಂಬಯೋಜನೆ 1952ರಲ್ಲಿ ಮೊದಲಾಯಿತು. ಮುಂದೆ ಕೆಂಪು ತ್ರಿಕೋನವೂ ನಾಲ್ಕು ನಗುಮುಖಗಳೂ ಆಸ್ಪತ್ರೆಯ ಗೋಡೆಯಿಂದ ಬಸ್ಸಿನ ಬೆನ್ನಿನವರೆಗೆ ಹಬ್ಬಿದುವು. ಗೋಡೆಯ ಮೇಲೆ ಆ ಚಿತ್ರಕ್ಕೊಂದು ಪ್ರಯೋಜನವಿತ್ತು. ಹೆರಿಗೆಯಿಂದ ಹೆರಿಗೆಗೆ ಸವೆದುಹೋಗುತ್ತಿದ್ದ ಹೆಣ್ಣುಮಕ್ಕಳ ಜೀವವನ್ನು ಉಳಿಸಿದ ಕಾರ್ಯವನ್ನು ಹಳಿಯುವುದು ಅವಿವೇಕ. ಆದರೆ ಆ ಕಾರ್ಯವು ಇಲ್ಲಿ ನೆರವೇರಿ ಆಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಂತೆಯೇ ನಿಲ್ಲಲು ಬೇಕಾದುದು 2.1. ದೊಡ್ಡ ಸಂಸಾರದ ಚಿತ್ರವನ್ನು ನೋಡಿದ ಐದು ವರ್ಷದ ಮಗುವು ಬೆಳೆದು ಹತ್ತು ಮಕ್ಕಳನ್ನು ಹೆತ್ತೀತೆಂಬ ಭಯ ಯಾರಿಗಾದರೂ ಇನ್ನೂ ಇದ್ದರೆ, ಅವರು ಪುಸ್ತಕವನ್ನು ಬಿಟ್ಟು ಈ ಅಂಕಿಯನ್ನು ಓದಬೇಕು.

ಇದೇ ಅಂಕಿಯಲ್ಲಿ ಮತ್ತೊಂದು ಸಂಗತಿ ಅಡಗಿರುವುದು. ಒಬ್ಬನೇ ಮಗನಾಗಿದ್ದವನು ಒಬ್ಬಳೇ ಮಗಳಾಗಿದ್ದವಳನ್ನು ಮದುವೆಯಾಗಿ ಒಂದೇ ಮಗುವನ್ನು ಪಡೆದರೆ, ಆ ಮಗುವಿಗೆ ಅಕ್ಕತಂಗಿ ಅಣ್ಣತಮ್ಮಂದಿರಿಲ್ಲದಿರುವುದು ಮಾತ್ರವಲ್ಲ, ದೊಡ್ಡಪ್ಪನಿಲ್ಲ, ಚಿಕ್ಕಮ್ಮನಿಲ್ಲ, ಸೋದರಮಾವನಿಲ್ಲ, ಸೋದರತ್ತೆಯಿಲ್ಲ. ನಂಟರೆಲ್ಲ ಹೋದಮೇಲೆ ನಂಟಿನ ಮಾತುಗಳು ಎಲ್ಲಿ ಉಳಿಯಬೇಕು? ಪಕ್ಕದ ಮನೆಯವರನ್ನೂ ಬಸ್ಸಿನಲ್ಲಿ ಕಂಡವರನ್ನೂ ಒಂದೇ ಸಮನಾಗಿ ‘ಅಂಕಲ್’, ‘ಆಂಟಿ’ ಎಂದು ಕರೆಯುವ ಬಾಯಿಯಲ್ಲಂತೂ ಅಲ್ಲ.

ಕನ್ನಡದ ಬಾಂಧವ್ಯಪದಗಳು ಬರಿಯ ಹೆಸರುಗಳಲ್ಲ. ಅವು ಒಂದು ವ್ಯವಸ್ಥೆ. ತಂದೆಯ ಅಣ್ಣನೂ ದೊಡ್ಡಪ್ಪ, ತಾಯಿಯ ಅಕ್ಕನ ಗಂಡನೂ ದೊಡ್ಡಪ್ಪ. ಅವರ ಮಕ್ಕಳು ಅಣ್ಣತಮ್ಮ ಅಕ್ಕತಂಗಿಯರು. ತಾಯಿಯ ಒಡಹುಟ್ಟಿದವನು ಮಾವ, ತಂದೆಯ ಒಡಹುಟ್ಟಿದವಳು ಅತ್ತೆ. ಇವರ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿಯರು. ಹೆಣ್ಣು ಕೊಟ್ಟವನೂ ಮಾವನೇ ಆಗುವುದು ಏತಕ್ಕೆಂಬುದನ್ನು ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟವಾದ ತಮ್ಮ ಬಂಧುತ್ವವಿಚಾರದ ಗ್ರಂಥದಲ್ಲಿ ಉತ್ತರ ದಕ್ಷಿಣಗಳನ್ನು ಹೋಲಿಸಿ ವಿವರಿಸಿರುವರು. ದೊಡ್ಡವರಿಗೆ ಆ ಗ್ರಂಥ ಸಾಕು. ಮಗುವಿಗೆ ಬೇಕಾದುದು ಚಿತ್ರ: ಜಗಲಿಯ ಮೇಲೆ ಯಾರು ಯಾರ ಪಕ್ಕದಲ್ಲಿ ಕುಳಿತಿರುವರು, ಯಾರ ಮೂಗು ಯಾರಿಗೆ ಬಂದಿದೆ, ಯಾರು ಯಾರನ್ನು ಕಂಡರೆ ಏಳುವರು ಎಂಬುದು ಒಂದೇ ನೋಟಕ್ಕೆ ಸಿಕ್ಕಬೇಕು.

ಹೊರದೇಶದ ಪುಸ್ತಕಗಳನ್ನು ಕನ್ನಡಿಸುವವರು ಈ ಕೊರತೆಯನ್ನು ತುಂಬುವರೆಂದು ನಂಬುವಂತಿಲ್ಲ. ಮಾರ್ಜರಿ ಫ್ಲ್ಯಾಕ್ ಬರೆದು ಕುರ್ಟ್ ವೀಸೆ ಚಿತ್ರಿಸಿದ ಪಿಂಗ್ ಎಂಬ ಬಾತುಕೋಳಿಯ ಕಥೆ 1933ರಲ್ಲಿ ಹೊರಬಂದಿತು. ಯಾಂಗ್ಟ್ಸೆ ನದಿಯ ದೋಣಿಯಲ್ಲಿ ಪಿಂಗನೊಡನೆ ಅವನ ತಾಯಿತಂದೆಗಳು, ಇಬ್ಬರು ಸೋದರಿಯರು, ಮೂವರು ಸೋದರರು, 11 ಮಂದಿ ಆಂಟಿಯರು, 7 ಮಂದಿ ಅಂಕಲ್‌ಗಳು, 42 ಮಂದಿ ಕಸಿನ್‌ಗಳು ವಾಸಿಸುವರು. ಭಾಷಾಂತರಕಾರನು ಇಲ್ಲಿ ಏನು ಮಾಡಬೇಕು? ಆ ಹನ್ನೊಂದು ಮಂದಿಯಲ್ಲಿ ಎಷ್ಟು ಜನ ಅತ್ತೆಯರು, ಎಷ್ಟು ಜನ ಚಿಕ್ಕಮ್ಮಂದಿರು? ನಲವತ್ತೆರಡರಲ್ಲಿ ಪಿಂಗನು ಅಣ್ಣನೆನ್ನಬೇಕಾದವರು ಯಾರು, ಭಾವನೆನ್ನಬೇಕಾದವರು ಯಾರು? ಬಾತುಕೋಳಿಗಳಿಗೆ ಈ ತೊಡಕು ಇಲ್ಲದಿರಬಹುದು, ಕನ್ನಡಕ್ಕೆ ಉಂಟು. ಇದು ಕಥೆಯ ದೋಷವೂ ಅಲ್ಲ; ಅಲ್ಲಿ ಬಂಧುಗಳು ಬರಿಯ ಸಂಖ್ಯೆ. ಸಂಜೆ ದೋಣಿಗೆ ಕೊನೆಯಲ್ಲಿ ಹತ್ತಿದ ಬಾತುಕೋಳಿಯ ಬೆನ್ನಿಗೆ ಏಟು ಬೀಳುವುದೆಂಬ ಹಾಸ್ಯಕ್ಕೆ ಒಂದು ಸಾಲು ಬೇಕು, ಸಾಲಿಗೆ ಸಂಖ್ಯೆ ಬೇಕು.

ಸಂಖ್ಯೆಯನ್ನು ದಾಟಿ ಮುಖಗಳನ್ನು ಕಂಡವನು ಜಪಾನಿನ ಕಝುಓ ಇವಾಮುರ. ಈತನು ಬರೆದು ಚಿತ್ರಿಸಿದ ಹದಿನಾಲ್ಕು ಇಲಿಗಳ ಮಾಲೆ 1983ರಲ್ಲಿ ಆರಂಭವಾಯಿತು. 2024ರಲ್ಲಿ ಆತನು ತೀರಿಕೊಂಡನು. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಹತ್ತು ಮಕ್ಕಳು, ಒಟ್ಟು ಹದಿನಾಲ್ಕು ಜೀವ, ಒಂದು ಮರದ ಬುಡ. ಮಕ್ಕಳ ಹೆಸರುಗಳು ಒಂದರಿಂದ ಹತ್ತರವರೆಗಿನ ಎಣಿಕೆಯಿಂದಲೇ ಬಂದುವು. ಹೀಗೆ ಹೆಸರು ಸಂಖ್ಯೆಯಾದರೂ ಇಲಿ ಸಂಖ್ಯೆಯಲ್ಲ. ಒಂದು ನಿದ್ದೆಗಣ್ಣಿನದು, ಒಂದು ಬೊಂಬೆಯನ್ನು ಬಿಡದು, ಒಂದು ಎಲ್ಲರಿಗಿಂತ ಮುಂದು. ಮಾತು ಪುಟಕ್ಕೆ ಎರಡು ಮೂರು ಪಂಕ್ತಿ ಮಾತ್ರ, ಅದರಲ್ಲಿಯೂ ಎಷ್ಟೋ ಕಡೆ ಯಾರು ಎಂಬ ಪ್ರಶ್ನೆ. ಉತ್ತರವು ಚಿತ್ರದೊಳಗೆ ಇರುವುದು. ಓದಿ ಹೇಳುವ ತಾಯಿ ತಡವರಿಸುವಳು. ಮಡಿಲಿನ ಮಗು ಬೆರಳಿಟ್ಟು ತೋರಿಸುವುದು. ಗದ್ಯದಲ್ಲಿ ಹದಿನಾಲ್ಕು ಜನರನ್ನು ಒಬ್ಬರಾದಮೇಲೆ ಒಬ್ಬರಂತೆ ಪರಿಚಯಿಸಬೇಕಾಗುವುದು, ಹತ್ತನೆಯವನು ಬರುವ ವೇಳೆಗೆ ಮೊದಲನೆಯವನು ಮರೆತಿರುವನು. ಚಿತ್ರದಲ್ಲಿ ಹದಿನಾಲ್ವರೂ ಒಂದೇ ಕ್ಷಣಕ್ಕೆ ಎದುರು ನಿಲ್ಲುವರು. ತುಂಬಿದ ಮನೆಯನ್ನು ಹೇಳುವುದಕ್ಕೆ ಚಿತ್ರಪುಸ್ತಕಕ್ಕಿಂತ ಯೋಗ್ಯವಾದ ಸಾಧನವೇ ಇಲ್ಲದಿರುವಾಗ, ಅದೇ ಸಾಧನವನ್ನು ಹಿಡಿದವರು ಮನೆಯನ್ನು ಬರಿದುಮಾಡುತ್ತಿರುವರೆಂಬುದು ವಿಪರ್ಯಾಸ.

ಹೀಗೆಂದ ಮಾತ್ರಕ್ಕೆ ಅವಿಭಕ್ತ ಕುಟುಂಬದ ಭಜನೆಯನ್ನು ಮಾಡುವವರು ಹಿಗ್ಗಬೇಕಾಗಿಲ್ಲ. ಅವರ ಕೈಯ ಚಿತ್ರವು ನಾಲ್ಕು ಮುಖಗಳ ಚಿತ್ರಕ್ಕಿಂತ ಹೆಚ್ಚು ಸುಳ್ಳಾದುದು. ಅಲ್ಲಿ ಇಪ್ಪತ್ತು ಜನ ಸಾಲಾಗಿ ಕುಳಿತು ಊಟಮಾಡುವರು, ಎಲ್ಲರೂ ನಗುವರು. ಬಡಿಸುತ್ತಿರುವ ಸೊಸೆಯ ಮುಖ ಮಾತ್ರ ಸೆರಗಿನ ಮರೆಯಲ್ಲಿರುವುದು. ಆ ಸೊಸೆ ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಹೊತ್ತಿಗೆ ಉಂಡಳು, ಅವಳ ಪಾಲಿಗೆ ಪಾತ್ರೆಯ ತಳದಲ್ಲಿ ಏನು ಉಳಿದಿತ್ತು ಎಂಬುದು ಯಾವ ಪುಟದಲ್ಲಿಯೂ ಇಲ್ಲ. ಹಿಂದೆ ಎಲ್ಲರೂ ಕೂಡಿಯೇ ಬಾಳುತ್ತಿದ್ದರೆಂಬ ಇತಿಹಾಸವೂ ಅರ್ಧ ಕಲ್ಪನೆ. ಮನೆಮಂದಿಯನ್ನು ಎಣಿಸಿ ನೋಡಿದ ಎ. ಎಂ. ಷಾ ಅವರಂತಹ ಸಮಾಜಶಾಸ್ತ್ರಜ್ಞರು 1970ರ ದಶಕದಲ್ಲಿಯೇ ಈ ನಂಬಿಕೆಯನ್ನು ಅಲುಗಿಸಿರುವರು. ಅಣ್ಣತಮ್ಮಂದಿರು ಪಾಲಾಗುವುದು ಹೊಸ ಕಾಲದ ಪಾಪವಲ್ಲ. ನಮ್ಮ ಜನಪದ ಕಥೆಗಳ ಅತ್ತೆಸೊಸೆಯರನ್ನೂ ದಾಯಾದಿಗಳನ್ನೂ ಬಲ್ಲವರಿಗೆ ಇದನ್ನು ಹೇಳಬೇಕಾಗಿಯೂ ಇಲ್ಲ.

ದುಡಿಮೆಯನ್ನು ಮರೆಮಾಚದೆಯೂ ಮಗುವನ್ನು ನಗಿಸಬಹುದು. ಮೇರಿ ಆನ್ ಹೋಬರ್ಮನ್ ಬರೆದು ಮಾರ್ಲಾ ಫ್ರೇಝೀ ಚಿತ್ರಿಸಿದ 1997ರ ಅಮೆರಿಕದ ಪುಸ್ತಕವೊಂದರಲ್ಲಿ ಏಳು ಮಕ್ಕಳು, ಏಳು ಹಟ: ಒಬ್ಬನಿಗೆ ಹಾಲು, ಇನ್ನೊಬ್ಬಳಿಗೆ ನಿಂಬೆಯ ಪಾನಕ, ಮತ್ತೊಬ್ಬನಿಗೆ ಗಂಜಿ, ಅದೂ ಗಂಟಿಲ್ಲದ ಗಂಜಿ. ತಾಯಿಯು ಪುಟದಿಂದ ಪುಟಕ್ಕೆ ಬಾಡುತ್ತ ಹೋಗುವುದನ್ನೂ ಮನೆಯು ಪುಟದಿಂದ ಪುಟಕ್ಕೆ ಅಸ್ತವ್ಯಸ್ತವಾಗುವುದನ್ನೂ ಚಿತ್ರಕಾರ್ತಿಯು ಮುಚ್ಚಿಟ್ಟಿಲ್ಲ. ಕನ್ನಡದ ಮಗುವಿಗೂ ಇಂಥ ಮನೆಯನ್ನು ಕೊಡಬಾರದೇಕೆ? ಸೊಸೆಯ ಸೆರಗನ್ನು ಸರಿಸಿ ಮುಖವನ್ನು ಬರೆಯಲಿ. ಒಬ್ಬ ಚಿಕ್ಕಪ್ಪ ಒಲೆಯ ಮುಂದೆ ಕೂರಲಿ. ಇಬ್ಬರು ಓರಗಿತ್ತಿಯರು ಮಾತು ಬಿಟ್ಟಿರುವುದು ಅವರು ನಿಂತ ಭಂಗಿಯಿಂದಲೇ ತಿಳಿಯಲಿ. ಮಕ್ಕಳು ಇದನ್ನು ದೊಡ್ಡವರಿಗಿಂತ ಮುಂಚೆ ತಿಳಿಯುವರು.

ಪ್ರಕಾಶಕರದು ಬೇರೆಯೇ ಆಕ್ಷೇಪ. ಅದನ್ನವರು ಗಟ್ಟಿಯಾಗಿ ಹೇಳುವುದಿಲ್ಲ. ಹದಿನಾಲ್ಕು ಜನರನ್ನು ಪ್ರತಿ ಪುಟದಲ್ಲಿಯೂ ಬೇರೆಬೇರೆ ಮುಖ, ಬೇರೆಬೇರೆ ಉಡುಪು, ಬೇರೆಬೇರೆ ಕೆಲಸಗಳೊಡನೆ ಬರೆಯುವುದು ಮೂರು ಜನರನ್ನು ಬರೆದಂತಲ್ಲ, ಮೂರು ವಾರದ ಕೆಲಸ ಮೂರು ತಿಂಗಳಾದೀತು. ಪುಟಕ್ಕಿಷ್ಟೆಂದು ಸಂಭಾವನೆಯನ್ನು ಗೊತ್ತುಮಾಡಿ ಕೊಟ್ಟರೆ ಯಾವ ಚಿತ್ರಕಾರನಾದರೂ ಮೊದಲು ಅಳಿಸುವುದು ಸೋದರತ್ತೆಯನ್ನೇ.