ರಾಸಾಯನಿಕ ಗೊಬ್ಬರವೂ ಭೂಮಿಯ ಇಂಗಾಲವೂ

ರಾಸಾಯನಿಕ ಗೊಬ್ಬರವನ್ನು ಹಾಕಿದರೆ ಭೂಮಿಯು ಸುಟ್ಟುಹೋಗುವುದೆಂದು ಹಳ್ಳಿಯ ಹಿರಿಯರು ಹೇಳುವುದುಂಟು. ಅದೊಂದೇ ಸಾಕು, ತಿಪ್ಪೆಯ ಗೋಜೇಕೆ ಎನ್ನುವವರೂ ಈಚೆಗೆ ಹೆಚ್ಚಾಗಿದ್ದಾರೆ. ಈ ಎರಡನೆಯ ಮಾತಿನಿಂದಲೇ ನಮ್ಮ ಕೆಂಪುಭೂಮಿಗೆ ಹೆಚ್ಚು ಕೇಡಾಗುತ್ತಿರುವುದೆಂದು ನಮ್ಮ ಅಭಿಪ್ರಾಯ.

ಬೇರು, ಕೂಳೆ, ಸೊಪ್ಪು, ಸಗಣಿಗಳು ಕೊಳೆತು ಮಣ್ಣಿನಲ್ಲಿ ಉಳಿಯುವ ಅಂಶವೇ ಸಾವಯವ ಇಂಗಾಲದ ಮೂಲವು. ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ, ಬಿದ್ದ ಮಳೆಯನ್ನು ಹಿಡಿದಿಡುವುದು ಇದೇ. ಇದು ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆಯಿದ್ದರೆ ಮಣ್ಣು ಪರೀಕ್ಷಕರು ಕೊರತೆಯೆಂದು ಬರೆಯುತ್ತಾರೆ. ಯೂರಿಯದಲ್ಲಿಯೂ ನೂರಕ್ಕೆ 20 ಪಾಲು ಇಂಗಾಲವುಂಟು; ಆದರೆ ಅದು ಅಂಗಾರಾಮ್ಲ ವಾಯುವಾಗಿ ಹಾರಿಹೋಗುವುದರಿಂದ ಭೂಮಿಗೆ ದಕ್ಕುವುದಿಲ್ಲ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗಕ್ಷೇತ್ರದ ಒಂದು ಹೊಲದಲ್ಲಿ 1843ರಿಂದ ಗೋಧಿಯನ್ನು ಬೆಳೆದು ಈ ವಿಷಯವನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಒಂದು ಪಟ್ಟಿಗೆ ಯಾವ ಗೊಬ್ಬರವೂ ಇಲ್ಲ. ಕೆಲವಕ್ಕೆ ರಾಸಾಯನಿಕ ಗೊಬ್ಬರ. ಮತ್ತೊಂದಕ್ಕೆ ವರ್ಷಕ್ಕೆ ಎಕರೆಗೆ ಸುಮಾರು 14 ಟನ್ ಕೊಟ್ಟಿಗೆ ಗೊಬ್ಬರ. ಸಾರಜನಕ, ರಂಜಕ, ಪೊಟ್ಯಾಷ್ ಮೂರನ್ನೂ ಪಡೆದ ಪಟ್ಟಿಗಳಲ್ಲಿ ಇಂಗಾಲವು ಬರಿಯ ಪಟ್ಟಿಗಿಂತ ತುಸು ಹೆಚ್ಚಾಗಿಯೇ ಇದೆ. ಪೈರು ಹುಲುಸಾದರೆ ಬೇರೂ ಕೂಳೆಯೂ ಹೆಚ್ಚುವುದೇ ಇದಕ್ಕೆ ಕಾರಣ. ಆದುದರಿಂದ ಹಿರಿಯರ ಮಾತು ಪೂರ್ತಿ ನಿಜವಲ್ಲ. ಆದರೆ ಕೊಟ್ಟಿಗೆ ಗೊಬ್ಬರದ ಪಟ್ಟಿಯಲ್ಲಿ ಇಂಗಾಲವು ಇವುಗಳ ಎರಡರಷ್ಟಕ್ಕೂ ಮೀರಿದೆ. ಕಣದಲ್ಲಿ ಕಾಳನ್ನು ಅಳೆಯುವವನಿಗೆ ಈ ಭೇದವು ಕಾಣದು. ಇಳುವರಿಯಲ್ಲಿ ಎರಡೂ ಬಹುಕಾಲ ಸರಿಸಮನಾಗಿ ಬಂದಿವೆ. ಅಲ್ಲಿಯೇ ಬಾರ್ಲಿಯ ಹೊಲವೊಂದಕ್ಕೆ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರವನ್ನು ಹಾಕಿ ನಿಲ್ಲಿಸಿದರು. ನೂರು ವರ್ಷಗಳು ಕಳೆದ ಮೇಲೂ ಅದರ ಶೇಷವು ಮಣ್ಣಿನಲ್ಲಿ ಕಂಡುಬಂದಿತು.

ಅದು ಶೀತದೇಶದ ಮಾತು. ನಮ್ಮ ಬಿಸಿಲಿನಲ್ಲಿ ಇಂಗಾಲವು ಬೇಗನೆ ಕರಗುವುದು; ಎಕರೆಗೆ 14 ಟನ್ ಒದಗಿಸುವ ರೈತನು ನಮ್ಮಲ್ಲಿ ಎಲ್ಲಿದ್ದಾನೆ? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೆಂಪುಭೂಮಿಯಲ್ಲಿ 1986ರಿಂದ ರಾಗಿ ಮತ್ತು ಮುಸುಕಿನ ಜೋಳಗಳ ಮೇಲೆ ನಡೆದ ಪ್ರಯೋಗವನ್ನು ನೋಡಬಹುದು. ಸಾರಜನಕವನ್ನು ಮಾತ್ರ ಹಾಕಿದ ಕಡೆ ಮಣ್ಣು ಹುಳಿಯೇರಿ ಪೈರು ಕ್ಷೀಣಿಸಿತು. ಪೈರೇ ಸೊರಗಿದ ಮೇಲೆ ಮಣ್ಣಿಗೆ ಸೇರುವ ಬೇರಾದರೂ ಎಷ್ಟು! ಮೂರು ಸಾರಗಳೊಡನೆ ಕೊಟ್ಟಿಗೆ ಗೊಬ್ಬರವೂ ಬಿದ್ದ ಕಡೆ ಬೆಳೆಯೂ ಮಣ್ಣೂ ಚೆನ್ನಾಗಿ ಉಳಿದುವು. ಯೂರಿಯವು ಅಗ್ಗವೆಂದು ಅದೊಂದನ್ನೇ ಎರಚುವವರು ಇದನ್ನು ಗಮನಿಸತಕ್ಕದ್ದು.

ಹೀಗಿರುವಲ್ಲಿ, ಹಟ್ಟಿಯ ಗೊಬ್ಬರವನ್ನು ಲಾರಿಗೆ ತುಂಬಿ ಮಾರಿ, ಬಂದ ಹಣದಲ್ಲಿ ಯೂರಿಯದ ಮೂಟೆಗಳನ್ನು ಕೊಳ್ಳುವ ಜಮೀನುದಾರರು ಲಾಭವೆಂದು ಎಣಿಸುವುದು ವಾಸ್ತವವಾಗಿ ಅಸಲಿನಿಂದ ತೆಗೆದದ್ದು. ಹುಲ್ಲು ದನಕ್ಕೆ ಹೋದರೆ ಚಿಂತೆಯಿಲ್ಲ, ಸಗಣಿ ಹೊಲಕ್ಕೆ ಮರಳಬೇಕು. ಜೋಳದ ದಂಟಿಗೆ ಬೆಂಕಿಯಿಡುವುದಂತೂ ಕೂಡದು. ಮಳೆಯಾಶ್ರಯದ ರಾಗಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರವಾದರೂ ಬೀಳಲಿ. ಅಷ್ಟೂ ಇಲ್ಲದವರು ಬದುಗಳಲ್ಲಿ ಹೊಂಗೆಯನ್ನು ಬೆಳೆಸಿ ಸೊಪ್ಪನ್ನು ಮಣ್ಣಿಗೆ ಸೇರಿಸಬಹುದು, ಇಲ್ಲವೆ ಅಪ್ಸೆಣಬನ್ನು ಬಿತ್ತಿ ಹೂ ಬರುವ ಹೊತ್ತಿಗೆ ಉಳಬಹುದು.

ಗ್ರಾಮದ ಮುಖಂಡರು ಸುಗ್ಗಿಯಾದ ಕೂಡಲೆ, ಗೊಬ್ಬರ ಹರಡುವುದಕ್ಕೆ ಮೊದಲು, ಪ್ರತಿ ಹೊಲದ ಹತ್ತಾರು ಕಡೆಗಳಿಂದ 6 ಅಂಗುಲ ಆಳದವರೆಗಿನ ಮಣ್ಣನ್ನು ತೆಗೆಸಿ, ಬೆರಸಿ, ನೆರಳಿನಲ್ಲಿ ಒಣಗಿಸಿ ಪರೀಕ್ಷೆಗೆ ಕಳುಹಿಸಲಿ. ಬಂದ ಅಂಕಿಯನ್ನು ಮಣ್ಣಿನ ಹುಳಿಯ ಅಂಕಿಯೊಡನೆ ಬರೆದಿಟ್ಟು, ಮೂರು ವರ್ಷಗಳ ತರುವಾಯ ಅದೇ ಹೊಲದ ಅಂಕಿಯೊಡನೆ ಹೋಲಿಸಿ ನೋಡಬಹುದು.