ಕೋಣೆಯಲ್ಲುಳಿದ ಹೊಗೆ

ಹಾವೇರಿ ಕಡೆಯ ಸದ್ಭಕ್ತರೊಬ್ಬರು ಎರಡು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದಿದ್ದರು. ಅವರ ಚಿರಂಜೀವಿಯು ಧಾರವಾಡದಲ್ಲಿ ಸಹಪಾಠಿಯೊಬ್ಬನೊಡನೆ ಬಾಡಿಗೆ ಕೋಣೆಯಲ್ಲಿದ್ದು ಓದುತ್ತಿದ್ದಾನೆ. ಆ ಸಹಪಾಠಿಗೆ ಸಿಗರೇಟಿನ ಚಟ. ಇವನು ಕಾಲೇಜಿಗೆ ಹೋದಾಗಲೇ ಸೇದುತ್ತಾನಂತೆ. ಆದರೂ ಬೆಳಿಗ್ಗೆ ಪೂಜೆಗೆ ಕುಳಿತರೆ ಲಿಂಗವಸ್ತ್ರದಲ್ಲಿಯೂ ಅದೇ ನಾತ. “ಕೋಣೆ ಬಿಡಿಸಲೋ ಬುದ್ಧೀ, ಊದುಬತ್ತಿ ಹೆಚ್ಚು ಹಚ್ಚೆನ್ನಲೋ?” ಎಂದು ಅವರು ಕೇಳಿದರು.

ಊದುಬತ್ತಿಯಿಂದ ನಾತವು ಮರೆಯಾಗುವುದೇ ಹೊರತು ಹೋಗದು. ಒಂದು ಹೊಗೆಯ ಮೇಲೆ ಇನ್ನೊಂದು ಹೊಗೆ ಸೇರುತ್ತದೆ, ಅಷ್ಟೇ. ಸಿಗರೇಟು ಆರಿದ ಬಳಿಕವೂ ಅದರ ನಿಕೋಟಿನ್ ಮತ್ತು ಜಿಗುಟು ಗೋಡೆ, ಗಾದಿ, ಪರದೆ, ಪುಸ್ತಕಗಳಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಮರಳಿ ಗಾಳಿಗೆ ಬರುತ್ತಿರುತ್ತವೆ. ಹೀಗೆ ಅಂಟಿದ ನಿಕೋಟಿನ್, ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಕೂಡಿ ಕ್ಯಾನ್ಸರ್‌ಕಾರಕ ವಸ್ತುಗಳಾಗುತ್ತದೆಂದು ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು 2010ರಲ್ಲಿ ತೋರಿಸಿಕೊಟ್ಟರು. ಆ ಆಮ್ಲವು ಗ್ಯಾಸ್ ಒಲೆಯ ಉರಿಯಿಂದಲೂ ಹುಟ್ಟುತ್ತದೆ. ಹುಡುಗರು ಅಡುಗೆ ಮಾಡಿಕೊಳ್ಳುವುದೂ ಅದೇ ಕೋಣೆಯಲ್ಲಿ. ಆದುದರಿಂದ ಇದನ್ನು ಕೇವಲ ಮೂಗಿನ ತಕರಾರೆಂದು ತಳ್ಳಿಹಾಕಲಾಗದು.

ಗಾದಿ, ದಿಂಬುಗಳನ್ನು ಮಾಳಿಗೆಯ ಮೇಲೆ ಹಲವು ದಿನ ಬಿಸಿಲಿಗೆ ಹಾಕಬೇಕು. ಬಣ್ಣದ ಗೋಡೆಯಾದರೆ ಸೋಡಾ ಬೆರೆಸಿದ ಬಿಸಿನೀರಿನಿಂದ ಒರೆಸಬೇಕು; ಒರೆಸದೆ ಹೊಸ ಬಣ್ಣ ಬಳಿದರೆ ನಾತವು ಮತ್ತೆ ಮೇಲೆದ್ದು ಬರುವುದುಂಟು. ಸುಣ್ಣದ ಗೋಡೆಯಾದರೆ ಕೆರೆದು ಹೊಸ ಸುಣ್ಣ ಬಳಿಯುವುದೇ ಲೇಸು. ಫ್ಯಾನಿನ ರೆಕ್ಕೆಗಳನ್ನು ಎಲ್ಲರೂ ಮರೆಯುತ್ತಾರೆ. ಪುಸ್ತಕಗಳನ್ನು ತೊಳೆಯಲು ಬಾರದು. ತೆರೆದು ಗಾಳಿಗಿಡಬೇಕು, ಕಾಯಬೇಕು. ಆದರೆ ಕೋಣೆಯೊಳಗೆ ಸೇದುವುದು ನಿಲ್ಲದೆ ಇದೆಲ್ಲ ವ್ಯರ್ಥ. ಕಿಟಕಿಯ ಬಳಿ ನಿಂತು ಸೇದಿದರೂ ಗಾಳಿಯು ಹೊಗೆಯನ್ನು ಒಳಗೇ ತರುತ್ತದೆ.

ನಾವು ಮಠದ ಪಾಠಶಾಲೆಯಲ್ಲಿದ್ದಾಗ ಜೊತೆಗಾರನೊಬ್ಬ ಬೀಡಿ ಸೇದುತ್ತಿದ್ದ. ಅವನಿಗೆ ಒಂದು ಮಾತೂ ಹೇಳದೆ ನಾವು ನೇರವಾಗಿ ಹಿರಿಯರ ಕಿವಿಗೆ ಹಾಕಿದೆವು. ಮರುದಿನವೇ ಅವನು ಟ್ರಂಕು ಹೊತ್ತು ಊರಿಗೆ ಹೋದ. ಓದು ಅಲ್ಲಿಗೆ ನಿಂತಿತು. ಮೊದಲು ಅವನೊಡನೆಯೇ ಮಾತನಾಡಬಹುದಿತ್ತೆಂದು ನಮಗೆ ಇಂದಿಗೂ ಅನಿಸುತ್ತದೆ. ಆದುದರಿಂದ ಆ ತಂದೆಗೆ ಹೇಳಿದೆವು: ಮನೆಯೊಡೆಯರಿಗೆ ದೂರು ಕೊಡುವ ಮುನ್ನ ಮಗನು ಗೆಳೆಯನೊಡನೆ ಕುಳಿತು ಮಾತನಾಡಲಿ. “ನೀನು ನಾರುತ್ತೀ” ಎನ್ನದೆ, “ಈ ಕೋಣೆಯೊಳಗೆ ಬೇಡ, ಮಾಳಿಗೆಗೆ ಹೋಗು” ಎಂದಷ್ಟೇ ಕೇಳಲಿ. ಬಿಡುವ ಮನಸ್ಸಿದ್ದರೆ 1800-11-2356 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ.

ಏಳುವಾಗ ಅವರು, ಹುಡುಗನಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತೆಂದರು. ಮೊದಲೇ ಹೇಳಬೇಕಾದ ಮಾತು! ಹಾಗಿದ್ದರೆ ಕೋಣೆ ಶುಚಿಯಾಗುವವರೆಗೆ ಬೇರೆಡೆ ಮಲಗಲಿ, ಏದುಸಿರು ಕಂಡರೆ ಆ ದಿನವೇ ವೈದ್ಯರಲ್ಲಿಗೆ ಹೋಗಲಿ, ಗೆಳೆಯನು ಒಪ್ಪದಿದ್ದರೆ ಜಗಳವಾಡದೆ ಕೋಣೆ ಬಿಡಲಿ ಎಂದೆವು.

ಮೊನ್ನೆ ಅವರ ಕಾಗದ ಬಂದಿದೆ. ಹುಡುಗರಿಬ್ಬರೂ ಕೂಡಿ ಗೋಡೆ ಒರೆಸಿದರಂತೆ. ಗಾದಿಗಳು ಮೂರು ಭಾನುವಾರ ಬಿಸಿಲು ಕಂಡವಂತೆ. ಗೆಳೆಯನು ಚಟ ಬಿಟ್ಟಿಲ್ಲ. ಮಾಳಿಗೆಗೆ ಹೋಗುತ್ತಾನೆ, ಬಂದು ಅಂಗಿ ಬದಲಿಸುತ್ತಾನೆ. ಪುಸ್ತಕಗಳ ನಾತ ಮಾತ್ರ ಇನ್ನೂ ಹೋಗಿಲ್ಲವೆಂದು ಬರೆದಿದ್ದಾರೆ.